ಪೌಂಡಿನ ಗುರುತು ಹೊತ್ತ ಕನ್ನಡ

ಕಳೆದ ಮಳೆಗಾಲದ ಒಂದು ಬೆಳಗ್ಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ನಮ್ಮ ಶಾಲೆಯ ಜಗಲಿಯಲ್ಲಿ ಕೊಡೆ ಮಡಚಿ ನಿಂತಿದ್ದರು. ಕೈಯಲ್ಲಿ ಒಂದು ಮುದ್ರಿತ ಹಾಳೆ. "ಮಾಷ್ಟ್ರೇ, ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲವಂತೆ. ಹಾಗಾದರೆ ಇವಳನ್ನು ಮುಂದಿನ ವರ್ಷ ಇಂಗ್ಲಿಷಿಗೇ ಹಾಕುವುದಾ ಹೇಗೆ?" ಎಂದು ಕೇಳಿದರು.

ಆ ಪ್ರಶ್ನೆಯ ತೂಕ ಕಾಸರಗೋಡಿನ ಕನ್ನಡ ಅಧ್ಯಾಪಕರಿಗೆ ಗೊತ್ತು. ಕೆಲವೇ ಮಕ್ಕಳು ಕಡಿಮೆಯಾದರೂ ಒಂದು ಡಿವಿಷನ್ ಹೋಗುತ್ತದೆ, ಅದರ ಬೆನ್ನಿಗೆ ಒಂದು ಹುದ್ದೆಯೂ ಹೋಗುತ್ತದೆ. ನಾನು ಹಾಳೆಯನ್ನು ತೆಗೆದುಕೊಂಡು ನೋಡಿದೆ. ಶಾಲಾ ಸಂಚಿಕೆಗೆಂದು ಹುಡುಗಿ ಬರೆದ ಪ್ರಬಂಧವನ್ನು ಮಂಗಳೂರಿನಲ್ಲಿರುವ ಸೋದರಮಾವ ಬೆರಳಚ್ಚು ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದರಂತೆ. ಪೇಟೆಯ ಅಂಗಡಿಯಲ್ಲಿ ಮುದ್ರಿಸಿದಾಗ ಬಂದದ್ದು ಇದು: ಎಲ್ಲೆಲ್ಲೂ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷಿನ ಎ, ನಡುನಡುವೆ ಬ್ರಿಟಿಷರ ಪೌಂಡಿನ ಗುರುತು. 'ಕನ್ನಡ' ಎಂಬ ಪದ ಪಿ ಅಕ್ಷರದಿಂದ ಆರಂಭವಾಗಿತ್ತು! ಅಂಗಡಿಯವರು ಇದನ್ನು ವೈರಸ್ ಎಂದೂ, ಗಣಕಯಂತ್ರವನ್ನು ಫಾರ್ಮ್ಯಾಟ್ ಮಾಡಬೇಕೆಂದೂ ಹೇಳಿ ಕಳುಹಿಸಿದ್ದರು.

ವೈರಸ್ ಅಲ್ಲ. ಹಳೆಯ ನುಡಿ ತಂತ್ರಾಂಶದ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಬರಹ ಗಣಕದ ಒಳಗೆ ಕನ್ನಡವಾಗಿ ಇರುವುದೇ ಇಲ್ಲ. ಅಲ್ಲಿರುವುದು ರೋಮನ್ ಅಕ್ಷರಗಳ ಸಂಕೇತಗಳು. ನುಡಿಯ ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಬೀಳುತ್ತದೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ತೊಳೆದ ಮೇಲೆ ರಾವಣನ ಗುರುತು ಮಗುವಿಗೆ ಸಿಗದ ಹಾಗೆ. ಯೂನಿಕೋಡ್ ವ್ಯವಸ್ಥೆ ಮಾತ್ರ 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆಂದು 128 ಸ್ವಂತ ಮನೆಗಳನ್ನು ಮೀಸಲಿಟ್ಟಿತು. ಅಲ್ಲಿ ಕ ಎಂದರೆ ಎಲ್ಲ ಕಡೆಯೂ ಕ. ಈಚಿನ ನುಡಿಯಲ್ಲಿಯೂ ಯೂನಿಕೋಡ್ ಇದೆ. ಬೆರಳಚ್ಚಿಸುವ ಮೊದಲು ಅದನ್ನು ಆರಿಸಿಕೊಳ್ಳಬೇಕು, ಅಷ್ಟೆ.

ಹಳೆಯ ಬರಹವನ್ನು ಪುನಃ ಬೆರಳಚ್ಚಿಸಬೇಕಾಗಿಲ್ಲ, ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಆದರೆ ಪರಿವರ್ತನೆಯ ಅನಂತರ ಒಮ್ಮೆ ಗಟ್ಟಿಯಾಗಿ ಓದಿಸಬೇಕು. ಒತ್ತಕ್ಷರ ಮತ್ತು ಅರ್ಕಾವತ್ತುಗಳು ಕೆಲವೊಮ್ಮೆ ಎಡವುತ್ತವೆ. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ಬಗೆದು ಉಚ್ಚರಿಸಲಾಗದ ಪದಗಳನ್ನು ಹೆರುತ್ತದೆ. ಮುದ್ರಣಕ್ಕೆ ಕೊಡುವಾಗಲಂತೂ ಪಿಡಿಎಫ್ ಮಾಡಿ ಕೊಡುವುದೇ ಕ್ಷೇಮ. ಫಾಂಟು ಅದರೊಳಗೇ ಹುದುಗಿಕೊಂಡು ಹೋಗುತ್ತದೆ.

ಫಾರ್ಮ್ಯಾಟ್ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಸಂಕಟವಾಗಲು ಬೇರೆ ಕಾರಣವಿದೆ. ನಮ್ಮ ಗ್ರಂಥಾಲಯದಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಕೊಟ್ಟ ವಿಂಡೋಸ್ ಗಣಕವೊಂದಿತ್ತು. ಒಂದು ಸೋಮವಾರ ಅದರಲ್ಲಿ ಯಾವ ಜಾಲತಾಣ ತೆರೆದರೂ 'ನಿಮ್ಮ ಸಂಪರ್ಕ ಸುರಕ್ಷಿತವಲ್ಲ' ಎಂಬ ಅರ್ಥದ ಎಚ್ಚರಿಕೆ. ವೈರಸ್ಸೇ ಇರಬೇಕೆಂದು ನಾನೂ ನಿಶ್ಚಯಿಸಿದೆ. ಯಾರನ್ನೂ ಕೇಳದೆ ಇಡೀ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಿದೆ. ಎರಡು ಗಂಟೆಯ ಕೆಲಸ. ಮುಗಿಸಿ ಬ್ರೌಸರ್ ತೆರೆದರೆ ಅದೇ ಎಚ್ಚರಿಕೆ! ಆಗ ಮಾತ್ರ ಪರದೆಯ ಕೆಳಮೂಲೆಯತ್ತ ಕಣ್ಣು ಹೋಯಿತು. ಗಡಿಯಾರ 2009ನೆಯ ಇಸವಿಯನ್ನು ತೋರಿಸುತ್ತಿತ್ತು.

ಜಾಲತಾಣಗಳ ಪ್ರಮಾಣಪತ್ರಗಳಿಗೆ ಆರಂಭದ ದಿನವೂ ಮುಗಿಯುವ ದಿನವೂ ಇರುತ್ತವೆ. ಗಣಕದ ದಿನಾಂಕ ಹಿಂದಕ್ಕೆ ಹೋದರೆ ಆ ಪತ್ರಗಳಿನ್ನೂ ಹುಟ್ಟಿಯೇ ಇಲ್ಲವೆಂದು ಬ್ರೌಸರ್ ತಿಳಿಯುತ್ತದೆ. ವಿದ್ಯುತ್ತು ಇಲ್ಲದಾಗ ಸಮಯವನ್ನು ಕಾಯುವುದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಷ್ಟು ಗಾತ್ರದ ಸೆಲ್, ಸಾಮಾನ್ಯವಾಗಿ ಸಿಆರ್ 2032. ಗಡಿಯಾರದ ಅಂಗಡಿಯಲ್ಲೂ ಸಿಗುವ ಅಗ್ಗದ ವಸ್ತು. ಅದು ಸತ್ತಿತ್ತು. ನಾನು ಅಳಿಸಿದ್ದು ಮಾತ್ರ ಹನ್ನೊಂದು ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಕುಳಿತು ಬೆರಳಚ್ಚಿಸಿದ್ದ ಕತೆಗಳನ್ನು. ಪ್ರತಿ ಬೇರೆಲ್ಲೂ ಇರಲಿಲ್ಲ. ಮಕ್ಕಳಿಗೆ ನಾನೇ ಹೇಳಿದೆ. ಒಬ್ಬ ಹುಡುಗ "ಸಾರ ಇಲ್ಲ ಸರ್, ಪುನಃ ಬರೆಯುವ" ಎಂದ. ಆದರೆ ಅವನು ಬರೆಯಲಿಲ್ಲ.

ಆ ದಿನದಿಂದ ಕೈ ನಿಧಾನವಾಗಿದೆ. ಬ್ರೌಸರ್ ಮುನಿಸಿಕೊಂಡರೆ ಮೊದಲು ಗಡಿಯಾರ ನೋಡುತ್ತೇನೆ. ಒಂದೇ ತಾಣ ಕೆಟ್ಟಂತೆ ತೋರಿದರೆ ಖಾಸಗಿ ಕಿಟಕಿಯಲ್ಲಿ ತೆರೆಯುತ್ತೇನೆ. ಕ್ರೋಮಿನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿದರೆ ಸಾಕು. ಅಲ್ಲಿ ಸರಿಯಾಗಿದ್ದರೆ ದೋಷ ಹೆಚ್ಚಾಗಿ ಹಳೆಯ ಕುಕೀಗಳದ್ದು ಅಥವಾ ಯಾವುದೋ ವಿಸ್ತರಣೆಯದ್ದು. ಕನ್ನಡ ಪುಟ ತಾನಾಗಿ ಇಂಗ್ಲಿಷಾದರೆ ಅನುವಾದದ ಸೌಲಭ್ಯ ಚಾಲೂ ಇದೆ ಎಂದರ್ಥ. ಭಾಷೆಯ ಸೆಟ್ಟಿಂಗಿಗೆ ಹೋಗಿ ಕನ್ನಡವನ್ನು ಅನುವಾದಿಸಬೇಡವೆಂದು ತಿಳಿಸಬೇಕು. ಅಳಿಸುವ ಗುಂಡಿ ಕೊನೆಯದು, ಅದೂ ಪ್ರತಿ ತೆಗೆದಿಟ್ಟ ಮೇಲೆ.

ತಾಯಿಯನ್ನೂ ಮಗಳನ್ನೂ ಐಟಿ ಕೋಣೆಗೆ ಕರೆದುಕೊಂಡು ಹೋದೆ. ನಮ್ಮ ಲಿನಕ್ಸ್ ಗಣಕಗಳಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದೆ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕೆ, ವಿ, ಡಿ, ವಿ, ಬಳಿಕ ತೆರೆಯುವ ಚೌಕ ಆವರಣ: 'ಕನ್ನಡ' ಮೂಡಿತು. ಮಲಯಾಳಕ್ಕೂ ಇದೇ ವಿನ್ಯಾಸ. ಮಲಯಾಳದ ಕ ಕೂಡ ಅದೇ ಕೆ ಕೀಲಿಯಲ್ಲಿದೆ. ಒಂದು ಲಿಪಿಗೆ ಪಳಗಿದ ಬೆರಳು ಎರಡಕ್ಕೂ ಒದಗುತ್ತದೆ. ಗಡಿನಾಡಿನ ಮಗುವಿಗೆ ಇದು ಸಣ್ಣ ಲಾಭವಲ್ಲ.

ಹುಡುಗಿ ತನ್ನ ಹೆಸರನ್ನೂ ಅಮ್ಮನ ಹೆಸರನ್ನೂ ಬರೆದು ಮುದ್ರಿಸಿದಳು. ತಾಯಿ ಹಾಳೆಯನ್ನು ಒದ್ದೆಯಾಗದಂತೆ ಚೀಲದೊಳಗೆ ಇಟ್ಟುಕೊಂಡರು. "ಮುಂದಿನ ವರ್ಷದ್ದು ಇವಳ ಅಪ್ಪನೊಟ್ಟಿಗೆ ಮಾತಾಡಿ ಹೇಳುತ್ತೇನೆ ಮಾಷ್ಟ್ರೇ" ಎಂದು ಕೊಡೆ ಬಿಡಿಸಿದರು. ಮಗಳು ಪೆನ್‌ಡ್ರೈವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದಳು. ಸಂಜೆ ಆ ಪ್ರಬಂಧವನ್ನು ಪರಿವರ್ತಿಸಿ, ಎರಡು ಕಡೆ ಪ್ರತಿ ತೆಗೆದಿಟ್ಟೆ.