ಬೀಗರ ಮೂಲವನ್ನು ಅರಸಿ

ನದೀಮೂಲ, ಋಷಿಮೂಲಗಳನ್ನು ಕೆದಕಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಬೀಗರ ಮೂಲದ ವಿಷಯದಲ್ಲಿ ಅವರೇನೂ ಅಪ್ಪಣೆ ಕೊಡಿಸಿಲ್ಲ. ಆ ಧೈರ್ಯದ ಮೇಲೆ 2025ರ ಮೇ ತಿಂಗಳಿನಲ್ಲಿ ನಾವು ಏಳು ಮಂದಿ ನೆದರ್ಲೆಂಡ್ಸ್ ದೇಶಕ್ಕೆ, ಎಂದರೆ ವಾಡಿಕೆಯಲ್ಲಿ ನಾವು ಹಾಲೆಂಡ್ ಎಂದು ಕರೆಯುವ ನಾಡಿಗೆ, ಪ್ರಯಾಣ ಬೆಳೆಸಿದೆವು. ನಾನು, ನನ್ನ ಶ್ರೀಮತಿ, ಮಗಳು, ಅಳಿಯ, ಹತ್ತು ವರ್ಷದ ಮೊಮ್ಮಗಳು. ಜೊತೆಗೆ ಅಳಿಯನ ತಂದೆತಾಯಿಗಳು. ಬೀಗರು ಅಮೆರಿಕದ ಮಿಷಿಗನ್ ಸಂಸ್ಥಾನದವರು, ಡಚ್ ವಂಶಸ್ಥರು. ಎಂಬತ್ತು ತುಂಬಿದ ಅವರಿಗೆ ಉಳಿದಿದ್ದುದು ಒಂದೇ ಆಸೆ. ಅವರ ಮುತ್ತಜ್ಜನ ತಂದೆ 1849ರಲ್ಲಿ ತೊರೆದು ಬಂದ ನೆಲವನ್ನು ಕಣ್ಣಾರೆ ಕಾಣಬೇಕು. ಅಲ್ಲಿಯೇ ಉಳಿದ ಹಿರಿಯರ ಗೋರಿಗಳ ಮುಂದೆ ಒಂದು ಗಳಿಗೆ ನಿಲ್ಲಬೇಕು.

ವಲಸೆ ಹೋದವರು

ಈ ವಲಸೆಗೆ ದೊಡ್ಡ ಹಿನ್ನೆಲೆಯುಂಟು. 1834ರಲ್ಲಿ ಆ ದೇಶದ ಪ್ರಧಾನ ಪ್ರಾಟೆಸ್ಟಂಟ್ ಚರ್ಚಿನಿಂದ ಒಂದು ಪಂಗಡ ಬೇರೆಯಾಗಿ ಹೊರಬಂದಿತು. ಸರ್ಕಾರ ಅವರ ಪ್ರಾರ್ಥನಾ ಸಭೆಗಳನ್ನು ಚದುರಿಸಿ, ದಂಡ ವಿಧಿಸಿ ಕಾಡಿತು. ಅದರ ಮೇಲೆ 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ, ಬಡವರ ಹೊಟ್ಟೆಗೆ ಆಧಾರವಾಗಿದ್ದ ಗೆಡ್ಡೆ ಹೊಲದಲ್ಲಿಯೇ ಕೊಳೆತುಹೋಯಿತು. 1847ರಲ್ಲಿ ಪಾದ್ರಿ ಆಲ್ಬರ್ಟಸ್ ವಾನ್ ರಾಲ್ಟೆಯವರ ಹಿಂದೆ ಹೋದವರು ಮಿಷಿಗನ್ನಿನ ಕಾಡು ಕಡಿದು ‘ಹಾಲೆಂಡ್’ ಎಂಬ ಊರನ್ನು ಕಟ್ಟಿದರು. ಅದೇ ವರ್ಷ ಝೀಲೆಂಡ್ ಪ್ರಾಂತದಿಂದ ಹೋದವರು ಅದರ ನೆರೆಯಲ್ಲಿಯೇ ಮತ್ತೊಂದು ‘ಝೀಲೆಂಡ’ನ್ನು ಸ್ಥಾಪಿಸಿದರು. ಆ ಅಮೆರಿಕದ ಹಾಲೆಂಡಿನಲ್ಲಿ 1929ರಿಂದ ಟ್ಯೂಲಿಪ್ ಹೂವಿನ ಉತ್ಸವ ನಡೆದುಬಂದಿದೆ. ಮರದ ಪಾದರಕ್ಷೆ ತೊಟ್ಟು ಬೀದಿಯಲ್ಲಿ ಕುಣಿಯುವುದೇ ಅದರ ಮುಖ್ಯ ಆಕರ್ಷಣೆ. 1964ರಲ್ಲಿ ಡಚ್ಚರ ನಾಡಿನಿಂದ ಹಳೆಯದೊಂದು ಗಾಳಿಯಂತ್ರವನ್ನೇ ಬಿಡಿಸಿ ತಂದು ಅಲ್ಲಿ ನಿಲ್ಲಿಸಿದ್ದಾರೆ.

ನಿಜವಾದ ಝೀಲೆಂಡಿನ ಖೂಸ್ ಪಟ್ಟಣದಲ್ಲಿ ನಾವು ರೈಲಿನಿಂದಿಳಿದಾಗ ಯಾರ ಕಾಲಿನಲ್ಲಿಯೂ ಮರದ ಪಾದರಕ್ಷೆ ಇರಲಿಲ್ಲ. ಬೀಗಿತ್ತಿಯವರ ಮುಖ ಕೊಂಚ ಸಪ್ಪಗಾಯಿತು. ನಮ್ಮನ್ನು ಎದುರುಗೊಂಡವರು ಬೀಗರಿಗೆ ದೂರದ ದಾಯಾದಿ ಸೋದರಿಯಾದ ಎಪ್ಪತ್ತೆಂಟು ವರ್ಷದ ವೃದ್ಧೆ. ಮೂಲಪುರುಷನ ತಮ್ಮನ ಸಂತತಿ. ಮನೆಗೆ ಕರೆದೊಯ್ದು, ಕಾಫಿಯೊಡನೆ ‘ಬೋಲಸ್’ ಎಂಬ ಸುರುಳಿ ತಿಂಡಿಯನ್ನು ಮುಂದಿಟ್ಟರು. ದಾಲ್ಚಿನ್ನಿ, ಸಕ್ಕರೆ ಸೇರಿಸಿ ಬೇಯಿಸಿದ ಅದು ಕೈಗೆಲ್ಲ ಅಂಟುತ್ತದೆ. ನಮ್ಮ ಬೀಗರು ತಮ್ಮ ಅಜ್ಜಿಯಿಂದ ಕಲಿತ ಹರಕು ಡಚ್ಚಿನಲ್ಲಿ ಮನೆಯನ್ನು ಹೊಗಳತೊಡಗಿದೊಡನೆ ಆಕೆ ನಗೆ ತಡೆಯಲಾರದೆ ಹೋದರು. ಮನೆಗೆ ಡಚ್ಚರ ಶಿಷ್ಟ ಮಾತು ‘ಹಾಯ್ಸ್’. ಝೀಲೆಂಡಿನ ಹಳ್ಳಿಗಳಲ್ಲಿ ಅದು ಹಕಾರ ಕಳೆದುಕೊಂಡು ‘ಊಸ್’ ಆಗುತ್ತದೆ, ನಮ್ಮ ಮಂಡ್ಯದ ಕಡೆ ಹಾಲು ‘ಆಲು’ ಆಗುವಂತೆ. “ನಮ್ಮಜ್ಜಿ ಹೋದ ಮೇಲೆ ಈ ಮನೆಯಲ್ಲಿ ಯಾರೂ ಹೀಗೆ ಮಾತನಾಡಿದ್ದಿಲ್ಲ” ಎಂದು ಆಕೆ ಕಣ್ಣೊರೆಸಿಕೊಂಡರು.

ಕಡತದಲ್ಲಿ ಸಿಕ್ಕ ಹಿರಿಯ

ಮರುದಿನ ಮಿಡ್ಡಲ್‌ಬರ್ಗ್ ನಗರದ ಪ್ರಾಂತೀಯ ದಾಖಲೆ ಭಂಡಾರಕ್ಕೆ ಹೋದೆವು. ಯುದ್ಧಕಾಲದಲ್ಲಿ, 1940ರ ಮೇ 17ರಂದು, ಈ ನಗರದ ನಡುಭಾಗವೆಲ್ಲ ಬೆಂಕಿಗೆ ತುತ್ತಾಯಿತು. ಅಂದು ಎಷ್ಟೋ ಊರುಗಳ ಹಳೆಯ ಚರ್ಚು ದಾಖಲೆಗಳೂ ಬೂದಿಯಾದವು. ಆದರೆ ನೆಪೋಲಿಯನ್ನನ ಆಡಳಿತದಲ್ಲಿ, 1811ರ ಸುಮಾರಿಗೆ, ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ ದೇಶದಲ್ಲೆಲ್ಲ ಜಾರಿಗೆ ಬಂದಿತ್ತು. ಇದಕ್ಕೆ ಎರಡು ಪ್ರತಿ: ಒಂದು ಊರಿನಲ್ಲಿ, ಇನ್ನೊಂದು ನ್ಯಾಯಾಲಯದಲ್ಲಿ. ವಂಶ ಅರಸುವವರಿಗೆ ಈ ಎರಡು ಪ್ರತಿಗಳ ಪದ್ಧತಿಯೇ ವರವಾಗಿದೆ.

ಆ ಪುಟಗಳಲ್ಲಿ ನನ್ನ ಮನ ಸೆಳೆದ ಸಂಗತಿಗಳು ಎರಡು. ಝೀಲೆಂಡಿನಲ್ಲಿ ‘ಪೀಟರ್ಸೆ’, ‘ಯಾನ್ಸೆ’ ಮೊದಲಾದ ಮನೆತನದ ಹೆಸರುಗಳು ಹೇರಳ. ಅವುಗಳ ಅರ್ಥ ಪೀಟರನ ಮಗ, ಯಾನನ ಮಗ ಎಂದಷ್ಟೇ. ನಮ್ಮ ಮೈಸೂರು ಸೀಮೆಯ ಪಹಣಿಗಳಲ್ಲಿ ಕಾಣುವ ‘ಬಿನ್’ ಎಂಬುದರ ಡಚ್ ಅವತಾರವಿದು! ಎರಡನೆಯದು, ಮದುವೆಯಾದ ಹೆಣ್ಣುಮಕ್ಕಳನ್ನೂ ತವರಿನ ಹೆಸರಿನಿಂದಲೇ ಬರೆದಿದ್ದಾರೆ. ಇದನ್ನು ಕೇಳಿ ನನ್ನ ಶ್ರೀಮತಿಯವರು ಡಚ್ ಸರ್ಕಾರವನ್ನು ಮನಸಾರೆ ಮೆಚ್ಚಿದರು.

ಇಷ್ಟರಲ್ಲಿ ಅಳಿಯನು ವಲಸಿಗರ ಪಟ್ಟಿಯನ್ನು ತೆರೆದಿದ್ದನು. ದೇಶ ಬಿಟ್ಟು ಹೋಗುವವರ ಹೆಸರು, ವಯಸ್ಸು, ಕಸುಬು, ಮತ, ಆರ್ಥಿಕ ಸ್ಥಿತಿ, ಹೊರಡುವ ಕಾರಣ, ಹೋಗುವ ಸ್ಥಳ, ಎಲ್ಲವನ್ನೂ ಅಂದಿನ ಸರ್ಕಾರ ಬರೆದಿಡುತ್ತಿತ್ತು. ಬೀಗರ ಮನೆತನದಲ್ಲಿ ಒಂದು ಐತಿಹ್ಯವಿದೆ. ಮೂಲಪುರುಷನು ಹೊಲಮನೆಗಳಿದ್ದ ಸ್ಥಿತಿವಂತ. ಧರ್ಮಕ್ಕಾಗಿ ಎಲ್ಲವನ್ನೂ ತೊರೆದವನು. ಚರ್ಚಿನಲ್ಲಿ ಬೀಗರೇ ಈ ಕಥೆಯನ್ನು ಹಲವು ಸಲ ಹೇಳಿದ್ದುಂಟು. ಪಟ್ಟಿಯಲ್ಲಿ ಇದ್ದುದೇ ಬೇರೆ. ಕಸುಬು: ಹೊಲದ ಕೂಲಿ. ಸ್ಥಿತಿ: ಬಡವ. ಕಾರಣ: ಜೀವನದ ಸುಧಾರಣೆ.

ಯಾರೂ ಮಾತನಾಡಲಿಲ್ಲ. ಮೊಮ್ಮಗಳು ಮಾತ್ರ, “ಹಾಗಾದರೆ ಹಸಿವಿಗಾಗಿ ಹೋದರೇ ಅಜ್ಜ?” ಎಂದು ಕೇಳಿಬಿಟ್ಟಳು. ಬೀಗರು ಕನ್ನಡಕ ತೆಗೆದು ಒರೆಸಿದರು. ಉತ್ತರ ಬರಲಿಲ್ಲ.

ಗೋರಿಗಳನ್ನು ಕಾಣುವ ಆಸೆಯೂ ಕೈಗೂಡಲಿಲ್ಲ. ಆ ದೇಶದಲ್ಲಿ ನೆಲಕ್ಕೆ ಬಡತನ. ಸಾಮಾನ್ಯವಾಗಿ ಗೋರಿಯ ಜಾಗವೂ ಗುತ್ತಿಗೆಯದು. ಅವಧಿ ಮುಗಿದು ಹಣ ಕಟ್ಟುವವರಿಲ್ಲದಿದ್ದರೆ ಅದನ್ನು ತೆರವು ಮಾಡಿ ಮತ್ತೊಬ್ಬರಿಗೆ ಕೊಡುತ್ತಾರೆ. ಹಳ್ಳಿಯ ಚರ್ಚಿನ ಬಳಿ ಹಸಿರು ಹುಲ್ಲಿತ್ತು, ಗೋರಿಯಿರಲಿಲ್ಲ. ಸತ್ತವರನ್ನು ಸುಟ್ಟು ಬೂದಿಯನ್ನು ಹೊಳೆಗೆ ಬಿಡುವ ನಮಗೆ ಇದು ವಿಶೇಷವೆನಿಸದು. ಬೀಗರಾದರೋ ಬಹಳ ಹೊತ್ತು ಅಲ್ಲಿಯೇ ನಿಂತಿದ್ದರು.

ಉಳಿದವರ ಕಥೆ

ಮೂರನೆಯ ದಿನ ಆ ವೃದ್ಧೆ ನಮ್ಮನ್ನು ಔವರ್‌ಕೆರ್ಕ್ ಎಂಬ ಹಳ್ಳಿಗೆ ಕರೆದೊಯ್ದರು. ದಾರಿಯಲ್ಲಿ 1965ರಲ್ಲಿ ತೆರೆದ, ಐದು ಕಿಲೋಮೀಟರಿಗೂ ಉದ್ದದ ಝೀಲೆಂಡ್ ಸೇತುವೆ. ಅದನ್ನು ದಾಟಿದರೆ ಎತ್ತ ನೋಡಿದರೂ ಒಡ್ಡುಗಳು. ದೇಶದ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆಯಷ್ಟೆ! ಒಂದರ ಹಿಂದೊಂದು ನಿಂತ ಒಡ್ಡುಗಳಿಗೆ ಅವರಿಟ್ಟ ಹೆಸರು ಕೇಳಿ: ನೀರಿಗೆ ಎದುರಾದದ್ದು ‘ಎಚ್ಚರಿರುವವ’, ಅದರ ಹಿಂದಿನದು ‘ಮಲಗಿರುವವ’, ಇನ್ನೂ ಹಿಂದಿನದು ‘ಕನಸು ಕಾಣುವವ’.

1953ರ ಜನವರಿ 31ರ ರಾತ್ರಿ ಬಿರುಗಾಳಿಯೂ ಭರತವೂ ಕೂಡಿ ಬಂದಾಗ ಎಚ್ಚರಿದ್ದವನೂ ಸೋತನು. ಆ ದೇಶವೊಂದರಲ್ಲೇ 1,836 ಮಂದಿ ಮಡಿದರು. ಔವರ್‌ಕೆರ್ಕಿನ ಕೊನೆಯ ಬಿರುಕನ್ನು ಮುಚ್ಚಲು ನವೆಂಬರ್ ತಿಂಗಳೇ ಬರಬೇಕಾಯಿತು. ಅದಕ್ಕಾಗಿ ಮುಳುಗಿಸಿದ ನಾಲ್ಕು ಭಾರಿ ಕಾಂಕ್ರೀಟ್ ಪೆಟ್ಟಿಗೆಗಳೊಳಗೇ ಈಗ ಪ್ರವಾಹದ ವಸ್ತುಸಂಗ್ರಹಾಲಯವಿದೆ. ಇಂಥ ದುರಂತ ಮರುಕಳಿಸಬಾರದೆಂದು ಕಟ್ಟಿದ ಕಟ್ಟೆಗಳಲ್ಲಿ ಪೂರ್ವ ಸ್ಕೆಲ್ಟ್ ತಡೆಗಟ್ಟು ಪ್ರಮುಖವಾದುದು. 1986ರಲ್ಲಿ ಅದರ ಉದ್ಘಾಟನೆಯಾಯಿತು. 62 ಉಕ್ಕಿನ ಬಾಗಿಲುಗಳು ಎಂದಿನಂತೆ ತೆರೆದಿದ್ದು, ಬಿರುಗಾಳಿ ಎದ್ದಾಗ ಮಾತ್ರ ಮುಚ್ಚುತ್ತವೆ.

ಆ ರಾತ್ರಿ ಈಕೆಗೆ ಆರು ವರ್ಷ. ತಾಯಿಯ ತವರು ಔವರ್‌ಕೆರ್ಕ್. ಅಜ್ಜ ಅಜ್ಜಿ ಇಬ್ಬರೂ ನೀರುಪಾಲಾದರು. “ಆ ವಸಂತಕಾಲದಲ್ಲಿ ಅಮೆರಿಕದಿಂದ ಒಂದು ಪೊಟ್ಟಣ ಬಂದಿತು. ಕೆಂಪು ಉಣ್ಣೆಯ ಕೋಟು. ಅಮೆರಿಕದಲ್ಲಿ ನಮಗೆ ನೆಂಟರಿದ್ದಾರೆಂದು ನನಗೆ ತಿಳಿದದ್ದೇ ಆಗ” ಎಂದರು.

ಬೀಗರು ತಟ್ಟನೆ ತಿರುಗಿ, “ಅದು ನನ್ನ ಅಕ್ಕನದು. ಅಜ್ಜಿ ಅದನ್ನು ಕಟ್ಟುವಾಗ ಆಕೆ ಅತ್ತದ್ದು ನನಗೆ ನೆನಪಿದೆ” ಎಂದರು. ಕೊಂಚ ಸುಮ್ಮನಿದ್ದು ಮೊಮ್ಮಗಳತ್ತ ನೋಡಿ, “ಹೌದು ಮಗು, ಹಸಿವಿಗಾಗಿಯೇ ಹೋದರು. ಹೊಟ್ಟೆ ತುಂಬಿದ ಮೇಲೆ ಕೋಟು ಕಳುಹಿಸಿದರು” ಎಂದರು.

ಅಂದು ಸಂಜೆ ಅವರು ತಮ್ಮ ವಂಶಾವಳಿಯ ಪುಸ್ತಕವನ್ನು ಬಿಚ್ಚಿ, ಮೂಲಪುರುಷನ ಹೆಸರಿನ ಮುಂದೆ ‘ಹೊಲದ ಕೂಲಿ’ ಎಂದು ತಮ್ಮ ಕೈಯಾರೆ ಬರೆದರು. ಅಕ್ಷರ ನಡುಗಿತ್ತು, ತಿದ್ದಲಿಲ್ಲ.

“ನಮ್ಮ ತಾತನ ಪಟ್ಟಿ ಎಲ್ಲಿದೆ?” ಎಂದು ಮೊಮ್ಮಗಳು ನನ್ನತ್ತ ತಿರುಗಿದಳು. ಶ್ರಾದ್ಧದ ದಿನ ತಂದೆ, ತಾತ, ಮುತ್ತಾತ, ಹೀಗೆ ಮೂರು ತಲೆಗಳ ಹೆಸರನ್ನು ಹೇಳಿ ಗೋತ್ರದ ಋಷಿಯ ಬಳಿಗೆ ನೆಗೆಯುವವರು ನಾವು. ನಡುವೆ ಇದ್ದವರು ಎಷ್ಟು ಮಂದಿಯೋ, ಅವರಲ್ಲಿ ಕೂಲಿ ಮಾಡಿದವರು ಎಷ್ಟೋ! ಮೂರು ಹೆಸರುಗಳನ್ನು ಹೇಳಿದೆ. ಆಕೆ ಬೀಗರ ಪುಸ್ತಕದ ಹಿಂಬದಿಯ ಖಾಲಿ ಹಾಳೆಯಲ್ಲಿ ಅವನ್ನು ಬರೆದುಕೊಂಡು, ನಾಲ್ಕನೆಯ ಸಾಲಿಗೆ ಒಂದು ಗೆರೆ ಎಳೆದು ಜಾಗ ಬಿಟ್ಟಳು.