ಇಲ್ಲದ ಬೆಟ್ಟದ ಎತ್ತರ

ಇಲ್ಲದ ಬೆಟ್ಟದ ಎತ್ತರವನ್ನು ಅಳೆಯಹೊರಟವರನ್ನು ಕಂಡು ನಗುವವರು ನಗಲಿ; ಆ ಕೆಲಸದ ಸೊಗಸು ಅದರಲ್ಲಿ ತೊಡಗಿದವರಿಗೇ ಗೊತ್ತು. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954–55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಅದನ್ನು ಓದಿದವರಲ್ಲಿ ಈ ಹುಚ್ಚು ಹತ್ತಿದವರು ಅನೇಕರು. ಗ್ರಂಥದೊಡನೆ ನಕಾಶೆಯುಂಟು, ಲೇಖಕರ ಮಗ ಕ್ರಿಸ್ಟೋಫರ್ ಬಿಡಿಸಿದ್ದು. ಮೈಲಿಗಳ ಅಳತೆಪಟ್ಟಿಯೂ ಅದರಲ್ಲಿದೆ. ಆದರೆ ಬೆಟ್ಟಗಳು ಮಾತ್ರ ಸಾಲುಗಟ್ಟಿ ನಿಂತ ಪುಟ್ಟ ಚಿತ್ರಗಳು. ಎಷ್ಟು ದೂರವೆಂದು ಹೇಳುವ ಹಾಳೆ ಎಷ್ಟು ಎತ್ತರವೆಂದು ಹೇಳದು.

ಹಾಗಾದರೆ ಅಳೆಯುವುದು ಹೇಗೆ? ಮೊದಲನೆಯ ಸಾಕ್ಷಿ ಹಿಮ. ಕಥೆಯ ಪ್ರಯಾಣಿಕರು ಜನವರಿಯಲ್ಲಿ ಮಂಜುಬೆಟ್ಟಗಳ ಸಾಲನ್ನು ದಾಟಹೋಗಿ, ಹಿಮಪಾತಕ್ಕೆ ಸಿಕ್ಕಿ ಹಿಂದಿರುಗುತ್ತಾರೆ. ಇದರಿಂದ ಹೆಚ್ಚೇನೂ ತಿಳಿಯದು. ಆ ಸೀಮೆಯ ಚಳಿಗಾಲದಲ್ಲಿ ಸಣ್ಣ ಗುಡ್ಡವೂ ಬೆಳ್ಳಗಾದೀತು. ಇದಕ್ಕಿಂತ ಬೆಲೆಯುಳ್ಳದ್ದು 1937ರ ‘ದಿ ಹಾಬಿಟ್’ ಪುಸ್ತಕದ ಒಂದು ಸಣ್ಣ ವಿವರ. ಅಲ್ಲಿ ಅದೇ ಸಾಲನ್ನು ಬೇಸಿಗೆಯಲ್ಲಿ ಹತ್ತುವವರ ಮುಂದೆ, ನಡುಹಗಲ ಬಿಸಿಲಿಗೆ ಹಿಮ ಸಡಿಲಗೊಂಡು ಬಂಡೆಗಳು ಉರುಳಿಬರುತ್ತವೆ. ಬೇಸಿಗೆಯಲ್ಲೂ ಉಳಿದ ಹಿಮ! ಆ ಸಾಲಿನ ಬುಡದಲ್ಲಿರುವ ರಿವೆಂಡೆಲ್ ಸುಮಾರಾಗಿ ಆಕ್ಸ್‌ಫರ್ಡಿನ ಅಕ್ಷಾಂಶದಲ್ಲಿದೆಯೆಂದು ಟೋಲ್ಕಿನ್ನರೇ ಪತ್ರವೊಂದರಲ್ಲಿ ತಿಳಿಸಿದ್ದಾರೆ. ಅದಕ್ಕಿಂತ ದಕ್ಷಿಣದ ಆಲ್ಪ್ಸ್‌ನಲ್ಲಿ ಹಿಮ ವರ್ಷವಿಡೀ ನಿಲ್ಲುವುದು ಸುಮಾರು 9,000 ಅಡಿಯ ಮೇಲೆ. ಉತ್ತರಕ್ಕೆ ಸರಿದಂತೆ ಆ ಗೆರೆ ಇಳಿಯಬೇಕು. ಅಂತೂ ಆ ಶಿಖರಗಳು ಎಂಟೊಂಬತ್ತು ಸಾವಿರ ಅಡಿಯ ಸುತ್ತಲಾದರೂ ಇರಬೇಕೆಂದು ಊಹಿಸಲು ಅಡ್ಡಿಯಿಲ್ಲ.

ಇನ್ನೊಂದು ದಾರಿ, ಮೂಲವನ್ನೇ ಹುಡುಕುವುದು. ಟೋಲ್ಕಿನ್ 1911ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಕಾಲುನಡಿಗೆಯ ಪ್ರವಾಸ ಮಾಡಿದ್ದರು. ಅಲ್ಲಿ ಕಂಡ ಸಿಲ್ಬರ್‌ಹಾರ್ನ್ ಶಿಖರವೇ ಮಂಜುಬೆಟ್ಟಗಳ ಕೆಲೆಬ್ಡಿಲ್ ಶಿಖರವಾಯಿತೆಂದು ಅವರು ಬಹುಕಾಲದ ಮೇಲೆ ಬರೆದರು. ಸಿಲ್ಬರ್‌ಹಾರ್ನ್ 12,000 ಅಡಿಗೂ ಮಿಗಿಲು. ಅದನ್ನೇ ಇಲ್ಲಿಗೂ ಬರೆದುಕೊಳ್ಳೋಣವೆಂದರೆ ಮನಸ್ಸು ಅಳುಕುತ್ತದೆ. ಹರೆಯದಲ್ಲಿ ಕಂಡ ಬೆಟ್ಟ ನೆನಪಿನಲ್ಲಿ ಬೆಳೆಯದೆ ಇರುತ್ತದೆಯೇ?

ಅಮೆರಿಕದ ನಕಾಶೆಗಾರ್ತಿ ಕರೆನ್ ವಿನ್ ಫೋನ್‌ಸ್ಟಾಡ್ ಇಂಥ ಸಾಕ್ಷಿಗಳನ್ನೆಲ್ಲ ಗ್ರಂಥಗಳಿಂದ ಹೆಕ್ಕಿ, 1981ರಲ್ಲಿ ಈ ಲೋಕದ ಭೂಪಟಗಳ ಪುಸ್ತಕವನ್ನೇ ಹೊರತಂದರು. ನಿಜವಾದ ನಾಡಿಗೆ ಸಲ್ಲುವ ಶ್ರದ್ಧೆಯನ್ನು ಕಲ್ಪನೆಯ ನಾಡಿಗೂ ಸಲ್ಲಿಸಿದ ಕೆಲಸವದು.

ಇಷ್ಟೆಲ್ಲ ಊಹೆಗಳ ನಡುವೆ, ಒಂದು ಬೆಟ್ಟಕ್ಕೆ ಟೋಲ್ಕಿನ್ನರೇ ಅಂಕಿ ಕೊಟ್ಟಿದ್ದಾರೆ. ಅದು ‘ಮೌಂಟ್ ಡೂಮ್’ ಎಂಬ ಅಗ್ನಿಪರ್ವತ. ಕೇಡಿನ ಉಂಗುರವನ್ನು ಎಸೆದು ನಾಶಮಾಡಬೇಕಾದ ತಾಣ. ಬಯಲಿನಿಂದ ಬುಡದ ದಿಬ್ಬಗಳು ಸುಮಾರು 3,000 ಅಡಿ, ಅದರ ಮೇಲಿನ ಶಂಕು ಅದರ ಅರ್ಧದಷ್ಟು, ಒಟ್ಟು 4,500. ಇಟಲಿಯ ವೆಸುವಿಯಸ್‌ಗಿಂತ ತುಸು ಹೆಚ್ಚು, ಅಷ್ಟೇ. ಲೋಕವನ್ನೇ ನಡುಗಿಸಿದ ಬೆಟ್ಟ ಇಷ್ಟು ಗಿಡ್ಡವೇ ಎಂದು ಲೆಕ್ಕ ಹಾಕಿದವರು ಬೆರಗಾಗುತ್ತಾರೆ.

ಆದರೆ ಆ ಅಂಕಿ ಬಂದ ಸಂದರ್ಭವನ್ನು ನೋಡಬೇಕು. ಉಂಗುರ ಹೊತ್ತ ಫ್ರೋಡೋಗೆ ಹೆಜ್ಜೆಯಿಡಲೂ ತ್ರಾಣವಿಲ್ಲ. ಅವನ ತೋಟದಾಳು ಸ್ಯಾಮ್ ಒಡೆಯನನ್ನು ಬೆನ್ನಮೇಲೆ ಹೊತ್ತು ಏರುತ್ತಾನೆ. ಕೈಲಾದಷ್ಟು ದೂರ ನಡೆದು, ಅವನನ್ನು ಇಳಿಸಿ, ತಲೆಯೆತ್ತಿ ನೋಡುತ್ತಾನೆ. ಬಯಲಿನಲ್ಲಿ ಒಂಟಿಯಾಗಿ ನಿಂತದ್ದರಿಂದ ಬೆಟ್ಟ ಇದ್ದುದಕ್ಕಿಂತ ಎತ್ತರವಾಗಿ ಕಂಡಿತ್ತು. ತಾವು ಹಿಂದೆ ಹತ್ತಿಬಂದ ಕಣಿವೆಗಳಷ್ಟೂ ಅದು ಎತ್ತರವಿಲ್ಲ. ಬುಡದ ಅರ್ಧಕ್ಕೂ ಹೆಚ್ಚು ಆಗಲೇ ಕಾಲ ಕೆಳಗಿದೆ. ಹೊತ್ತವನ ಕಣ್ಣಳತೆ ಅದು. ಗಂಟಲು ಒಣಗಿರದಿದ್ದರೆ ಅವನು ಕೂಗಿಯೇಬಿಡುತ್ತಿದ್ದ. ಮೇಲಿನ ದಿಬ್ಬಗಳ ನಡುವೆ ಒಂದು ದಾರಿ ಅವನಿಗೆ ಸ್ಪಷ್ಟವಾಗಿ ಕಂಡಿತು.