ಹಿಗ್ಗಿದ ಮುಖ

ಹೊಸಹಳ್ಳಿಯಲ್ಲಿ ಆ ಮುದುಕರನ್ನು ಹೆಸರು ಹಿಡಿದು ಕರೆಯುವವರು ಈಗ ಉಳಿದಿಲ್ಲ. ಊರಿಗೆಲ್ಲ ಅವರು ‘ಆಪರೇಟರ್ ತಾತ’. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಬಯಲಿನಲ್ಲಿ ಡೇರೆ ಹೂಡುತ್ತಿದ್ದ ಟೂರಿಂಗ್ ಟಾಕೀಸೊಂದರಲ್ಲಿ, ಯಂತ್ರದ ಮಗ್ಗುಲಲ್ಲಿ ನಿಂತೇ ಅವರ ಯೌವನ ಕಳೆಯಿತು. ಕಾರ್ಬನ್ ಕಡ್ಡಿಯ ಉರಿ ನೋಡಿ ನೋಡಿ ಕಣ್ಣು ಕೆಡಿಸಿಕೊಂಡರೆಂದು ಮನೆಯವರ ಆಕ್ಷೇಪಣೆ.

ಕಳೆದ ದೀಪಾವಳಿಗೆ ಮಗ ಸಾಲ ಮಾಡಿ ಗೋಡೆಯಗಲದ ಟಿ.ವಿ. ತಂದ. ತಂದೆಯ ಸಂತೋಷಕ್ಕೆಂದೇ ತಂದದ್ದು. ಮೊದಲ ರಾತ್ರಿ ನೆರೆಹೊರೆಯವರನ್ನೆಲ್ಲ ಕರೆದು, ‘ಕಸ್ತೂರಿ ನಿವಾಸ’ದ ಹಳೆಯ ಕಪ್ಪು-ಬಿಳುಪು ಡಿ.ವಿ.ಡಿ. ಹಾಕಿದ್ದಾಯಿತು. ಹತ್ತು ನಿಮಿಷವಾಗುವುದರೊಳಗೆ ತಾತ ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕುಳಿತರು.

“ಯಾಕಪ್ಪಾ, ಎದ್ದು ಬಂದೆ?”

“ಅದು ರಾಜಕುಮಾರ್ ಅಲ್ಲಪ್ಪಾ. ಅಷ್ಟು ಅಗಲದ ಮುಖ ಆ ಮನುಷ್ಯಗೆ ಎಲ್ಲಿತ್ತು?”

ಮಗನ ಮುಖ ಸಪ್ಪಗಾಯಿತು. ತಂದೆಗೆ ಅರಳುಮರಳು ಹಿಡಿಯಿತೆಂದು ಗಂಡ-ಹೆಂಡಿರು ಅಡುಗೆಮನೆಯಲ್ಲಿ ಪಿಸುಗುಟ್ಟಿದರು. ಆ ಪಿಸುಮಾತು ಕಟ್ಟೆಯವರೆಗೂ ಕೇಳಿಸಿತು. ಮರುವಾರವೇ ಹೊಸಪೇಟೆಯ ಕಣ್ಣಿನ ವೈದ್ಯರ ಬಳಿಗೆ ಪಯಣ. ವೈದ್ಯರು ದೀಪ ಹಾಕಿ, ಅಕ್ಷರ ಓದಿಸಿ, ಕಣ್ಣಿನಲ್ಲಿ ದೋಷವಿಲ್ಲವೆಂದರು. ಹಾಗಾದರೆ ದೋಷ ತಲೆಯಲ್ಲಿಯೇ ಇರಬೇಕೆಂದು ಮಗನಿಗೆ ಚಿಂತೆ ಇಮ್ಮಡಿಯಾಯಿತು. ತಾತ ಬಸ್ಸಿನಲ್ಲಿ ಒಂದು ಮಾತನ್ನೂ ಆಡಲಿಲ್ಲ.

ಮನೆಗೆ ಬಂದವರೇ ಮೊಮ್ಮಗನನ್ನು ಕರೆದರು: “ಯಾವುದಾದರೂ ಹಳೇ ಚಿತ್ರ ಹಾಕು. ಗಾಡಿಯ ಗಾಲಿ ನೇರಕ್ಕೆ ಕಂಡಾಗ ನಿಲ್ಲಿಸು. ನಿನ್ನ ಅಳತೆಪಟ್ಟಿ ತಾ.”

ಹುಡುಗ ಅಳೆದ. ಎತ್ತರ ಒಂಬತ್ತು ಸೆಂಟಿಮೀಟರು, ಅಗಲ ಹನ್ನೆರಡು. “ತಾತ, ಇದು ಗಾಲಿ ಅಲ್ಲ, ಮೊಟ್ಟೆ!”

ತಾತನ ಕಣ್ಣು ಕಂಡದ್ದು ನಿಜವೇ ಆಗಿತ್ತು. ಮಾತಿನ ಕಾಲದ ಹಳೆಯ ಚಿತ್ರಗಳ ಚೌಕಟ್ಟು ಬಹುಮಟ್ಟಿಗೆ ಎತ್ತರ 1 ಆದರೆ ಅಗಲ 1.37, ಅಕಾಡೆಮಿ ಅಳತೆಯೆಂದು ಅದಕ್ಕೆ 1932ರಲ್ಲಿಯೇ ಹೆಸರು ಬಿತ್ತು. ಹಿಂದಿನ ಪೆಟ್ಟಿಗೆ ಟಿ.ವಿ. ನಾಲ್ಕಕ್ಕೆ ಮೂರರ ಅಳತೆಯದು. ಹೆಚ್ಚು ಕಡಿಮೆ ಸರಿಹೊಂದುತ್ತಿತ್ತು. ಈಗಿನದು ಹದಿನಾರಕ್ಕೆ ಒಂಬತ್ತು. ಹಳೆಯ ಚಿತ್ರವನ್ನು ಅದರ ತುಂಬ ಎಳೆದರೆ ಪ್ರತಿಯೊಂದು ಮುಖವೂ ಮೂರನೆಯ ಒಂದು ಪಾಲು ಅಗಲವಾಗುತ್ತದೆ. ಎಳೆಯದೆ ತುಂಬಿಸಬೇಕಾದರೆ ಮೇಲೂ ಕೆಳಗೂ ಕತ್ತರಿಸಬೇಕು. ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ ಚಿತ್ರ ಹೋಯಿತೆಂದೇ ಲೆಕ್ಕ. ಸರಿಯಾದ ಅಳತೆಯಲ್ಲಿಟ್ಟರೆ ಎರಡು ಪಕ್ಕಗಳಲ್ಲಿ ಕಪ್ಪು ಪಟ್ಟಿ ನಿಲ್ಲುತ್ತದೆ. ಅದನ್ನೇ ಜನ ದೋಷವೆನ್ನುತ್ತಾರೆ!

ಡೇರೆಯ ಕಾಲದಲ್ಲಿ ಈ ಲೆಕ್ಕವೆಲ್ಲ ಆಪರೇಟರನ ಕೈಯಲ್ಲಿತ್ತು. ಯಂತ್ರದ ಗೇಟಿಗೆ ಕಿಂಡಿ ಕೊರೆದ ತಗಡು. ಸಿನಿಮಾಸ್ಕೋಪಾದರೆ ಬೇರೆ ತಗಡು, ಜೊತೆಗೆ ಬೇರೆ ಮಸೂರ. ಫಿಲ್ಮಿನಲ್ಲಿ ಅಡಕವಾಗಿ ಕುಳಿತ ಚಿತ್ರವನ್ನು ಆ ಮಸೂರ ಇಮ್ಮಡಿ ಅಗಲಕ್ಕೆ ಬಿಡಿಸುತ್ತದೆ. ಕನ್ನಡದ ಮೊದಲ ಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ 1977ರದು. ಮುಂದೆ ಒಂದು ರಾತ್ರಿ ಯಾವುದೋ ಸ್ಕೋಪ್ ಚಿತ್ರಕ್ಕೆ ತಾತ ಮಸೂರ ಹಾಕಲು ಮರೆತರು. ನಾಯಕ-ನಾಯಕಿಯರು ಜೋಳದ ದಂಟಿನಂತೆ ಉದ್ದುದ್ದ ಕಂಡರು, ಡೇರೆಯೆಲ್ಲ ಸಿಳ್ಳೆ. ಮಾಲೀಕ ಒಂದು ದಿನದ ಕೂಲಿ ಹಿಡಿದ. ಈಗ ಅದರ ವಿರುದ್ಧದ ತಪ್ಪು ಮನೆಮನೆಯಲ್ಲಿ ನಡೆಯುತ್ತಿದೆ, ಸಿಳ್ಳೆ ಹಾಕುವವರಿಲ್ಲ.

ಪೆಟ್ಟಿಗೆ ಟಿ.ವಿ.ಯ ದಿನಗಳಲ್ಲಿ ಪೆಟ್ಟು ಬಿದ್ದದ್ದು ಸ್ಕೋಪಿಗೆ. ತೆರೆ ತುಂಬಿಸಲೆಂದು ಕ್ಯಾಸೆಟ್ಟಿಗೆ ಇಳಿಸುವಾಗ ಅಗಲದಲ್ಲಿ ಶೇಕಡ 43ರಷ್ಟು ಕತ್ತರಿಸಿಬಿಡುತ್ತಿದ್ದರು. ಎರಡು ತುದಿಗಳಲ್ಲಿ ನಿಂತು ಮಾತಾಡುವ ಇಬ್ಬರ ನಡುವಿನ ಬರಿಯ ಗೋಡೆ ನೋಡುಗರ ಪಾಲಿಗೆ. ಆಮೇಲೆ ಬಂದ ವಿ.ಸಿ.ಡಿ.ಯಲ್ಲಿ 352ಕ್ಕೆ 288 ಚುಕ್ಕೆಗಳು ಮಾತ್ರ, ಡಿ.ವಿ.ಡಿ.ಯಲ್ಲಿ 720ಕ್ಕೆ 576. ಗೋಡೆಯಗಲದ ತೆರೆಗೆ ವಿ.ಸಿ.ಡಿ.ಯನ್ನು ಹಿಗ್ಗಿಸಿದರೆ ಕಾಣುವುದು ಮುಖವಲ್ಲ, ಗಂಜಿ.

1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ಚಿತ್ರಮಂದಿರಕ್ಕೆ ಬಂದವು. ಜನ ಮುಗಿಬಿದ್ದು ನೋಡಿದರು. ಆ ಪ್ರೀತಿಯನ್ನು ಹಳಿಯಲಾಗದು. ಆದರೆ ಹಳೆಯ ಚೌಕಟ್ಟನ್ನು ಹಿಗ್ಗಿಸದೆ ಸ್ಕೋಪಿನ ಅಗಲಕ್ಕೆ ಒಗ್ಗಿಸುವುದಾದರೆ ಎತ್ತರದಲ್ಲಿ ಶೇಕಡ 42 ಬಲಿಯಾಗಬೇಕು. ಛಾಯಾಗ್ರಾಹಕ ಬೆಳಕಿಟ್ಟು, ಅಳೆದು ಕೂರಿಸಿದ ನೆತ್ತಿ-ಪಾದಗಳನ್ನು ಯಾರೋ ಕೊಯ್ಯುವುದೆಂದರೆ ಸಣ್ಣ ಮಾತೇ? ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಅದೃಷ್ಟ ಬೇರೆ. ಮೂಲ ನೆಗೆಟಿವ್‌ನಿಂದಲೇ ಜೀರ್ಣೋದ್ಧಾರಗೊಂಡು, ಕಪ್ಪು-ಬಿಳುಪಾಗಿಯೇ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು.

ಇತ್ತ ಮೊಮ್ಮಗ ರಿಮೋಟಿನಲ್ಲಿ ತಡಕಾಡಿ ಅಳತೆ ಸರಿಪಡಿಸಿದ. ಗಾಲಿ ಗುಂಡಗಾಯಿತು. ಸೊಸೆಗೆ ಮಾತ್ರ ಸಂಕಟ: “ಇಷ್ಟು ದುಡ್ಡು ಸುರಿದು ತಂದು, ಎರಡೂ ಕಡೆ ಕತ್ತಲೆ ನೋಡಬೇಕೇ?” ಮಗ ಏನೂ ಹೇಳದೆ ‘ಕಸ್ತೂರಿ ನಿವಾಸ’ವನ್ನು ಮೊದಲಿನಿಂದ ಹಾಕಿದ. ಕಟ್ಟೆಯ ಬಳಿಗೆ ಹೋಗಿ, “ಅಪ್ಪಾ, ಒಳಗೆ ಬಾ. ಈಗ ಅವರೇನಾ ನೋಡಿ ಹೇಳು” ಎಂದ.

ತಾತ ಬಾಗಿಲಲ್ಲಿಯೇ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು, ತುಸು ಹೊತ್ತು ನೋಡಿದರು.

“ಹೂಂ, ಅವರೇ. ಸ್ವಲ್ಪ ಮಬ್ಬಾಗಿದ್ದಾರೆ, ಅಷ್ಟೇ” ಎಂದು ಹೇಳಿ ಚಾಪೆಯ ಮೇಲೆ ಕುಳಿತರು.